ಎರೆ ಮಣ್ಣಿನ ಹಿತ್ತಲಿಗೆ ಬೂದಿ, ಮೊಟ್ಟೆ ಸಿಪ್ಪೆ ಹಾಕಬಹುದಾ?

ಸಿಂಧನೂರು ಹಿತ್ತಲು:
ಎಲ್ಲರಿಗೂ ನಮಸ್ಕಾರ. ನಮ್ಮದು ಸಿಂಧನೂರು. ಮನೆ ಹಿಂದೆ ಎರೆ, ಅಂದರೆ ಕಪ್ಪು ಮಣ್ಣಿನ ಹಿತ್ತಲು, ನೀರು ಬೋರ್‌ನದು. ಕರಿಬೇವಿನ ಚಿಗುರೆಲ್ಲ ಹಳದಿ, ನರ ಮಾತ್ರ ಹಸಿರು. ಟೊಮೆಟೊ ಕಾಯಿಯ ತಳ ಕಪ್ಪಾಗಿ ಕೊಳೆಯುತ್ತಿದೆ. ಆಗಾಗ ಡಿಎಪಿ ಗೊಬ್ಬರ ಹಾಕುತ್ತೇನೆ. ಬೂದಿ, ಮೊಟ್ಟೆ ಸಿಪ್ಪೆ ಹಾಕಿದರೆ ಖನಿಜ ಸಿಗುತ್ತದೆ ಅಂತ ವಿಡಿಯೊಗಳಲ್ಲಿ ಹೇಳುತ್ತಾರೆ. ಹಾಕಲಾ?

ಕುಷ್ಟಗಿ ಮಸಾರಿ:
ಹಾಕಿ ಅಕ್ಕಾ. ನಾನು ಒಲೆ ಬೂದಿ ಹಾಕುತ್ತೇನೆ, ಬದನೆ ಚೆನ್ನಾಗಿದೆ. ನಮ್ಮದು ಮಸಾರಿ, ಅಂದರೆ ಕೆಂಪು ಮಣ್ಣಿನ ಭೂಮಿ.

ಗಂಗಾವತಿ ತೋಟ:
ಅಕ್ಕಾ, ದಯವಿಟ್ಟು ಬೂದಿ ಹಾಕಬೇಡಿ. ಮೇಲಿನ ಅಣ್ಣನ ಮಸಾರಿಗೆ ಹೊಂದಿದ್ದು ನಿಮ್ಮ ಎರೆಗೆ ಹೊಂದುವುದಿಲ್ಲ. ಬೂದಿಯಲ್ಲಿ ಪೊಟ್ಯಾಷ್ ಇದೆ ನಿಜ, ಆದರೆ ಅದು ಕ್ಷಾರ. ನಮ್ಮ ಎರೆ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ, 7 ದಾಟಿದರೆ ಕ್ಷಾರ) ಮೊದಲೇ 8ರ ಆಚೀಚೆ ಇರುತ್ತದೆ. ಅಗೆದರೆ ಬಿಳಿ ಸುಣ್ಣದ ಹರಳು ಸಿಗುತ್ತವೆ, ಅಲ್ವಾ? ಅಂಥ ಮಣ್ಣಿಗೆ ಮೊಟ್ಟೆ ಸಿಪ್ಪೆಯ ಸುಣ್ಣ ಯಾಕೆ? ಅದು ಅಲ್ಲಿ ಕರಗುವುದೂ ಇಲ್ಲ.

ಕರಿಬೇವಿನದು ಕಬ್ಬಿಣದ ಕೊರತೆ. ಹೊಸ ಎಲೆ ಹಳದಿಯಾಗಿ ನರ ಹಸಿರು ಉಳಿದರೆ ಅದೇ ಗುರುತು. ಸಾರಜನಕ ಕಡಿಮೆಯಾದರೆ ಹಳೆಯ ಎಲೆ ಮೊದಲು ಹಳದಿಯಾಗುತ್ತದೆ. ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದೆ, ಆದರೆ ಸುಣ್ಣ ಹೆಚ್ಚಿರುವಲ್ಲಿ ಬೇರು ಅದನ್ನು ಎಳೆದುಕೊಳ್ಳಲಾರದು. ಬೀಗ ಹಾಕಿದ ಕಣಜದ ಮುಂದೆ ಹಸಿದು ನಿಂತ ಹಾಗೆ. ಸತುವಿನದೂ ಇದೇ ಕಥೆ. ಮೇಲಿಂದ ಡಿಎಪಿ ಜಾಸ್ತಿಯಾದರೆ ಅದರ ರಂಜಕ ಇವೆರಡನ್ನೂ ಇನ್ನಷ್ಟು ತಡೆಯುತ್ತದೆ. ಸದ್ಯಕ್ಕೆ ಡಿಎಪಿ ನಿಲ್ಲಿಸಿ.

ಅನ್ನಭೇದಿ (ಫೆರಸ್ ಸಲ್ಫೇಟ್, ಕಬ್ಬಿಣದ ಲವಣ) ತನ್ನಿ. ತಿಳಿ ಹಸಿರು ಬಣ್ಣದ್ದೇ ಇರಲಿ, ಕಂದು ತಿರುಗಿದ್ದರೆ ಬೇಡ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್). ಬಿಸಿಲು ಇಳಿದ ಮೇಲೆ ಚಿಗುರಿಗೆ ಸಿಂಪಡಿಸಿ, 10-15 ದಿನ ಬಿಟ್ಟು ಮತ್ತೊಮ್ಮೆ. ಬುಡಕ್ಕೆ ಸುರಿದರೆ ಅದಕ್ಕೂ ಬೀಗವೇ. ಬುಡಕ್ಕೇ ಕೊಡಬೇಕೆಂದರೆ ಅಂಗಡಿಯಲ್ಲಿ ಈಡಿಡಿಎಚ್‌ಎ ಕಬ್ಬಿಣ (ಮಣ್ಣು ಬೀಗ ಹಾಕದಂತೆ ಕಬ್ಬಿಣವನ್ನು ಹಿಡಿದಿಡುವ ಕೀಲೇಟ್ ಗೊಬ್ಬರ) ಕೇಳಿ. ಇನ್ನೊಂದು ಬಗೆಯ ಕೀಲೇಟ್ ಆದ ಈಡಿಟಿಎ ಕಬ್ಬಿಣ ಈ ಪಿಎಚ್‌ನಲ್ಲಿ ನಿಲ್ಲುವುದಿಲ್ಲ.

ಟೊಮೆಟೊ ತಳ ಕೊಳೆಯುವುದು ಕಾಯಿಗೆ ಕ್ಯಾಲ್ಸಿಯಂ ತಲುಪದೆ. ಅದು ಕಾಯಿಗೆ ಹೋಗುವುದು ನೀರಿನ ಜೊತೆ. ಎರೆ ಬಿರುಕು ಬಿಡುವ ತನಕ ಒಣಗಿಸಿ ಆಮೇಲೆ ಒಮ್ಮೆಲೇ ತುಂಬಿಸಿದರೆ ಹೀಗಾಗುತ್ತದೆ. ಹಿತವಾಗಿ, ಸಮನಾಗಿ ನೀರು ಕೊಡಿ. ಬುಡಕ್ಕೆ ಒಣ ಹುಲ್ಲೋ ಕಡಲೆ ಹೊಟ್ಟೋ ಮುಚ್ಚಿ. ಕೊಳೆತ ಗೊಬ್ಬರ ವರ್ಷವರ್ಷವೂ ಬೀಳಲಿ. ಆ ಬೀಗವನ್ನು ಸ್ವಲ್ಪ ಸಡಿಲಿಸುವುದು ಅದೇ.

ಸಿಂಧನೂರು ಹಿತ್ತಲು:
ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ, ಅಣ್ಣಾ. ಒಂದು ಮೂಲೆಯಲ್ಲಿ ನೀರು ಆರಿದ ಮೇಲೆ ಬಿಳಿ ಉಪ್ಪು ಕಾಣಿಸುತ್ತದೆ. ಅಲ್ಲಿಗೆ ಜಿಪ್ಸಂ ಹಾಕು ಅಂತ ಅಂಗಡಿಯವರು ಹೇಳಿದರು.

ಗಂಗಾವತಿ ತೋಟ:
ಪರೀಕ್ಷೆ ಮಾಡಿಸದೆ ಹಾಕಬೇಡಿ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳು-ಜವಳು (ಉಪ್ಪೇರಿದ, ನೀರು ನಿಂತ ಭೂಮಿ) ಎಷ್ಟಿದೆ ಅಂತ ನಿಮಗೇ ಗೊತ್ತು. ಸೋಡಿಯಂ ಹೆಚ್ಚಿದ್ದರೆ ಮಾತ್ರ ಜಿಪ್ಸಂ ಕೆಲಸಕ್ಕೆ ಬರುತ್ತದೆ. ಅದು ಬಿಡಿಸಿದ ಉಪ್ಪು ಬಸಿದು ಹೋಗಲು ದಾರಿಯೂ ಬೇಕು. ಬರೀ ಉಪ್ಪಾಗಿದ್ದರೆ ಒಳ್ಳೆಯ ನೀರಿನಿಂದ ತೊಳೆಯಬೇಕು, ಅಷ್ಟೇ.

ಹಿತ್ತಲಿನ ಐದಾರು ಕಡೆ ಒಂದು ಗೇಣು ಆಳ ತೋಡಿ. ಗುಂಡಿಯ ಗೋಡೆಯಿಂದ ಮೇಲಿಂದ ಕೆಳತನಕ ತೆಳ್ಳಗೆ ಕೆರೆದು ಮಣ್ಣು ತೆಗೆಯಿರಿ. ಕಲಸಿ, ನೆರಳಲ್ಲಿ ಆರಿಸಿ, ಅರ್ಧ ಕಿಲೋ ಕೊಡಿ. ಗೊಬ್ಬರ ಹಾಕಿದ ಜಾಗದ್ದು ಬೇಡ. ಉಪ್ಪಿನ ಮೂಲೆಯದನ್ನು ಬೇರೆ ಚೀಲದಲ್ಲಿಡಿ. ಬೋರ್ ನೀರನ್ನೂ ಒಂದು ಬಾಟಲಿ ಒಯ್ಯಿರಿ. ನಿಮಗೆ ರಾಯಚೂರಿನ ಕೃಷಿ ವಿಜ್ಞಾನ ಕೇಂದ್ರ ಇದೆ. ನಮ್ಮ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಸವಳು ಭೂಮಿಯ ಮೇಲೇ ಕೆಲಸ ಮಾಡುತ್ತಾರೆ, ಅಲ್ಲಿಯೂ ಕೇಳಬಹುದು. ಪಿಎಚ್, ಇಸಿ (ಉಪ್ಪಿನಂಶದ ಅಳತೆ), ಸತು, ಕಬ್ಬಿಣ ಎಲ್ಲವನ್ನೂ ಬರೆಸಿಕೊಳ್ಳಿ. ಮಣ್ಣು ಪರೀಕ್ಷೆಯ ಕಾರ್ಡ್ ಬಂದ ಮೇಲೆ ಇಲ್ಲಿ ಹಾಕಿ, ಕೂತು ನೋಡೋಣ.