ಮಲೆನಾಡಿನ ಹಂಚಿನ ಮನೆಗೆ ಸೋಲಾರ್ ಬಿಸಿನೀರು: ಅಬ್ಬಿ ನೀರನ್ನು ನೇರವಾಗಿ ಕೊಡಬಹುದೇ?

ಅಡಿಕೆತೋಟ (ಪ್ರಶ್ನೆ):
ಮಾನ್ಯರೇ, ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಹಳೆಯ ಹಂಚಿನ ಮನೆ. ಐದು ಮಂದಿ ಇದ್ದೇವೆ. ಈವರೆಗೆ ಅಡಿಕೆ ಸಿಪ್ಪೆ, ಸೋಗೆ, ದರಗುಗಳನ್ನು ಬಚ್ಚಲೊಲೆಗೆ ಹಾಕಿ ಹಂಡೆಯಲ್ಲಿಯೇ ನೀರು ಕಾಯಿಸುತ್ತಿದ್ದೇವೆ. ಹೊಗೆಯಿಂದ ತಾಯಿಯವರಿಗೆ ಕೆಮ್ಮು ಹೆಚ್ಚುತ್ತಿರುವುದರಿಂದ 200 ಲೀಟರಿನ ಸೋಲಾರ್ ಹಾಕಿಸಬೇಕೆಂದಿದ್ದೇವೆ. ನೀರು ಮನೆಗಿಂತ ಸುಮಾರು 60 ಅಡಿ ಎತ್ತರದ ಅಬ್ಬಿಯಿಂದ (ಗುಡ್ಡದ ಝರಿಯಿಂದ) ಪೈಪಿನಲ್ಲಿ ತಾನಾಗಿ ಹರಿದು ಬರುತ್ತದೆ. ಇದನ್ನು ನೇರವಾಗಿ ಸೋಲಾರಿಗೆ ಜೋಡಿಸಬಹುದೇ? ಗಾಜಿನ ಟ್ಯೂಬಿನದು ಒಳ್ಳೆಯದೋ, ಫ್ಲಾಟ್ ಪ್ಲೇಟಿನದೋ (ಚಪ್ಪಟೆ ಫಲಕದ್ದು)? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ಕಾಣದ ಊರಿನಲ್ಲಿ ಇದು ಉಪಯೋಗಕ್ಕೆ ಬರುತ್ತದೆಯೇ?

ಪೈಪುವಾಲ:
ನೇರವಾಗಿ ಖಂಡಿತ ಜೋಡಿಸಬೇಡಿ. ಪ್ರತಿ 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ ಬೀಳುತ್ತದೆ. ಹೀಗಾಗಿ ನಿಮ್ಮ ಅಬ್ಬಿ ನೀರು ರಾತ್ರಿ ನಲ್ಲಿಗಳೆಲ್ಲ ಮುಚ್ಚಿರುವಾಗ 1.8 ಬಾರ್‌ನಷ್ಟು ಒತ್ತಡದಲ್ಲಿ ನಿಂತಿರುತ್ತದೆ. ಮನೆಗಳಿಗೆ ಸಾಮಾನ್ಯವಾಗಿ ಹಾಕುವ ಸೋಲಾರ್ ಟ್ಯಾಂಕುಗಳು ತಲೆಯ ಮೇಲಿನ ತಣ್ಣೀರಿನ ಟ್ಯಾಂಕಿನ ಅಲ್ಪ ಒತ್ತಡಕ್ಕೆಂದು ಮಾಡಿದವು. ಆದ್ದರಿಂದ ಟ್ಯಾಂಕಿನ ಗಾಳಿ, ಆವಿ ಹೊರಹೋಗಲು ಇರುವ ಏರ್ ವೆಂಟ್ ಪೈಪಿನಿಂದ ನೀರು ಉಕ್ಕಿ ಹರಿಯುತ್ತಲೇ ಇರುತ್ತದೆ, ಯಾರಾದರೂ ಅದನ್ನು ತಡೆಯಲು ಆ ಪೈಪನ್ನೇ ಮುಚ್ಚಿದರೆ ಟ್ಯಾಂಕಿನ ಬೆಸುಗೆ ಬಿಡುತ್ತದೆ. ಅಬ್ಬಿ ನೀರನ್ನು ಮೊದಲು ಫ್ಲೋಟ್ ವಾಲ್ವ್ (ತುಂಬಿದಾಗ ನೀರನ್ನು ತಾನೇ ನಿಲ್ಲಿಸುವ ತೇಲುಗುಂಡಿನ ವಾಲ್ವ್) ಇರುವ ಒಂದು ಪ್ಲಾಸ್ಟಿಕ್ ಟ್ಯಾಂಕಿಗೆ ಇಳಿಸಿ, ಅಲ್ಲಿಂದ ಸೋಲಾರಿಗೆ ಕೊಡಿ. ಆ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿಗಿಂತ ಮೇಲಿರಬೇಕು, ವೆಂಟ್ ಪೈಪಿನ ತುದಿ ತಣ್ಣೀರಿನ ಮಟ್ಟಕ್ಕಿಂತ ಇನ್ನೂ ಮೇಲಿರಬೇಕು. ಮಳೆಗಾಲದಲ್ಲಿ ಅಬ್ಬಿಯಿಂದ ಬರುವ ಕೆಸರು, ಎಲೆಚೂರುಗಳು ಅದರಲ್ಲಿಯೇ ತಂಗುವುದು ಇನ್ನೊಂದು ಅನುಕೂಲ.

ಹಂಚಿನ ಮಾಡಿನ ಮೇಲೆ ಭಾರ ಹೇರುವ ಮಾತೇ ಬೇಡ. ತುಂಬಿದ ನೀರೇ 200 ಕಿಲೋ, ಅದರ ಮೇಲೆ ಟ್ಯಾಂಕು, ಪ್ಲೇಟು, ಚೌಕಟ್ಟು. ಬಚ್ಚಲುಮನೆಗೆ ಆರ್‌ಸಿಸಿ ತಾರಸಿ ಇದ್ದರೆ ಅದರ ಮೇಲೆ, ಇಲ್ಲದಿದ್ದರೆ ಪಕ್ಕದಲ್ಲಿ ಕಬ್ಬಿಣದ ಆ್ಯಂಗಲ್ ಸ್ಟ್ಯಾಂಡ್ ಮಾಡಿಸಿ.

ಬಿಸಿಲುಕೋಲು:
ಟ್ಯೂಬಿನದೇ ಅಗ್ಗ, ಎರಡು ಗಾಜುಗಳ ನಡುವೆ ನಿರ್ವಾತ ಇರುವುದರಿಂದ ಹೀರಿದ ಶಾಖ ಹೊರಗೆ ಸೋರದೆ, ಮೋಡ ಮುಸುಕಿದ ದಿನಗಳಲ್ಲಿಯೂ ಚಳಿಯಲ್ಲಿಯೂ ಅದು ತುಸು ಚೆನ್ನಾಗಿ ಕೆಲಸ ಮಾಡುತ್ತದೆ. ಹಾಗಾಗಿ ನಿಮಗೆ ಅದೇ ಸರಿ.

ಕಾನುಮನೆ:
ಬಯಲುಸೀಮೆಗಾದರೆ ಒಪ್ಪುತ್ತೇನೆ, ಅಲ್ಲಿಯ ಗಡಸು ಬೋರ್‌ವೆಲ್ ನೀರು ಫ್ಲಾಟ್ ಪ್ಲೇಟಿನ ಸಣ್ಣ ತಾಮ್ರದ ಕೊಳವೆಗಳಲ್ಲಿ ಸುಣ್ಣ ಕಟ್ಟಿಸುತ್ತದೆ. ಆದರೆ ನಮ್ಮ ಕಡೆಯ ಅಬ್ಬಿ ನೀರು ಮೆದು, ಆ ತೊಂದರೆ ಇಲ್ಲ. ನಮ್ಮಲ್ಲಿರುವುದು ಮಂಗಗಳ ಕಾಟ. ಒಂದೇ ಟ್ಯೂಬು ಒಡೆದರೂ ಟ್ಯಾಂಕಿನಲ್ಲಿದ್ದ ಬಿಸಿನೀರು ಅದರ ಮೂಲಕ ಹೊರಗೆ ಹೋಗುತ್ತದೆ. ಫ್ಲಾಟ್ ಪ್ಲೇಟಿಗೆ ಟಫನ್ಡ್ ಗಾಜು ಇರುತ್ತದೆ, ಮಂಗ ಹಾರಿದರೂ ತಡೆಯುತ್ತದೆ. ದುಬಾರಿಯಾದರೂ ನಾನು ಅದನ್ನೇ ಆರಿಸುತ್ತೇನೆ.

ಜಾಗ ನೋಡುವಾಗ ತೋಟದ ನೆರಳನ್ನು ಅಳೆಯಿರಿ. ಪ್ಲೇಟು ದಕ್ಷಿಣಕ್ಕೆ ಮುಖ ಮಾಡಿರಬೇಕು. ಡಿಸೆಂಬರ್ ಕೊನೆಯಲ್ಲಿ ನಮ್ಮ ಅಕ್ಷಾಂಶದಲ್ಲಿ ನಡುಹಗಲಿನ ಸೂರ್ಯ ಸುಮಾರು 53 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. ಆಗ 50 ಅಡಿಯ ಅಡಿಕೆ ಮರದ ನೆರಳು ಉತ್ತರಕ್ಕೆ 38 ಅಡಿಯವರೆಗೆ ಚಾಚುತ್ತದೆ, ಬೆಳಿಗ್ಗೆ ಸಂಜೆ ಇನ್ನೂ ಉದ್ದ.

ಇನ್ನು ಮಳೆಗಾಲ: ಆ ನಾಲ್ಕು ತಿಂಗಳು ಸೋಲಾರ್ ನೀರಿನ ಚಳಿ ಬಿಡಿಸಬಹುದು, ಸ್ನಾನಕ್ಕೆ ಸಾಲುವಷ್ಟು ಕಾಯಿಸುವುದಿಲ್ಲ. ಹಂಡೆಯನ್ನು ಕೀಳಬೇಡಿ.

ಅಡಿಕೆತೋಟ:
ಧನ್ಯವಾದಗಳು. ಆದರೆ ಸಿಪ್ಪೆಯೂ ದರಗೂ ಒದ್ದೆಯಾಗಿ ಹೊಗೆ ಹೆಚ್ಚುವುದು ಮಳೆಗಾಲದಲ್ಲಿಯೇ. ಆಗಲೂ ಒಲೆಯೇ ಗತಿಯಾದರೆ ತಾಯಿಯವರಿಗೆ ಏನು ಪ್ರಯೋಜನ? ಅದಕ್ಕಿಂತ ಗೃಹಜ್ಯೋತಿಯ ಉಚಿತ ವಿದ್ಯುತ್ ಇರುವುದರಿಂದ ವರ್ಷವಿಡೀ ಗೀಸರ್ ಬಳಸಿದರೆ ಆಗದೇ?

ಪೈಪುವಾಲ:
200 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 8 ಯೂನಿಟ್ ಬೇಕು. ಪ್ರತಿದಿನ ಅಷ್ಟೂ ನೀರನ್ನು ವಿದ್ಯುತ್ತಿನಿಂದ ಕಾಯಿಸಿದರೆ ತಿಂಗಳಿಗೆ 240 ಯೂನಿಟ್ ಆಗುತ್ತದೆ. ಗೃಹಜ್ಯೋತಿಯಲ್ಲಿ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ನಿಮ್ಮದೇ. ನೀವು ಬಳಸುವುದು ಇದಕ್ಕಿಂತ ಕಡಿಮೆ ಇರಬಹುದು, ಆದರೂ ಬೆಳಕು, ಫ್ಯಾನು, ಪಂಪುಗಳ ಲೆಕ್ಕವೂ ಸೇರಬೇಕಲ್ಲ.

ತಾಯಿಯವರ ಆರೋಗ್ಯವೇ ಮುಖ್ಯವಾಗಿರುವಾಗ ನಾನು ಹೇಳುವುದು ಇಷ್ಟು: ಸೋಲಾರಿನ ಬಿಸಿನೀರಿನ ಪೈಪನ್ನು ಬಚ್ಚಲಿನ ಸಣ್ಣ ಗೀಸರಿನ ಒಳಹರಿವಿಗೆ ಜೋಡಿಸಿ. ಕೊಳ್ಳುವಾಗಲೇ ಆ ಗೀಸರ್ ಒಳಹರಿವಿನಲ್ಲಿ ಬಿಸಿನೀರು ಬಂದರೆ ತಾಳಿಕೊಳ್ಳುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಬಿಸಿಲಿನ ದಿನ ನೀರು ಕಾದೇ ಬರುವುದರಿಂದ ಥರ್ಮೋಸ್ಟಾಟ್ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಮಳೆಯ ದಿನ ಕಡಿಮೆ ಬಿದ್ದ ಶಾಖವನ್ನಷ್ಟೇ ಗೀಸರ್ ತುಂಬುತ್ತದೆ. ಸೋಲಾರ್ ಟ್ಯಾಂಕಿನೊಳಗೇ ವಿದ್ಯುತ್ ಕಾಯಿಲ್ ಹಾಕಿಸಿಕೊಳ್ಳಿ ಎಂದು ಮಾರುವವರು ಒತ್ತಾಯಿಸುವುದುಂಟು, ಆದರೆ ಎರಡು ಬಕೆಟ್ ನೀರಿಗಾಗಿ 200 ಲೀಟರನ್ನೂ ಕಾಯಿಸುವುದು ದಂಡ.

ಸ್ಟ್ಯಾಂಡನ್ನು ಬಚ್ಚಲಿಗೆ ಆದಷ್ಟು ಹತ್ತಿರ ನಿಲ್ಲಿಸಿ. ಮುಕ್ಕಾಲು ಇಂಚಿನ ಪೈಪು 20 ಮೀಟರ್ ಓಡಿದರೆ ಬಿಸಿನೀರು ಬರುವ ಮೊದಲು ಸುಮಾರು 6 ಲೀಟರ್ ತಣ್ಣೀರು ಹರಿದುಹೋಗಬೇಕು. ಪೈಪು ಬಿಸಿನೀರು ತಾಳುವ ಸಿಪಿವಿಸಿ ಪ್ಲಾಸ್ಟಿಕ್ಕಿನದೇ ಇರಲಿ. ಸಾಮಾನ್ಯ ಪಿವಿಸಿ ಬಿಸಿಗೆ ಬಾಗುತ್ತದೆ.