ಕಾರಿನ ಆಯಿಲ್ ನಾನೇ ಬದಲಿಸಲಾ, ಗ್ಯಾರೇಜಿಗೇ ಕೊಡಲಾ? (ವ್ಯಾಗನ್ ಆರ್, ತೀರ್ಥಹಳ್ಳಿ ಕಡೆ)

ಕೋಣಂದೂರು ಟೀಚರ್:

ಎಲ್ಲರಿಗೂ ನಮಸ್ಕಾರ. ನನ್ನದು 2016ರ ವ್ಯಾಗನ್ ಆರ್, ಪೆಟ್ರೋಲ್. ಸೆಕೆಂಡ್ ಹ್ಯಾಂಡ್ ಕೊಂಡು ಮೂರು ವರ್ಷ ಆಯಿತು. ಈಗ 61,000 ಕಿ.ಮೀ. ಆಗಿದೆ. ಮನೆಯಿಂದ ಶಾಲೆಗೆ ನಾಲ್ಕು ಕಿಲೋಮೀಟರ್, ಅದರಲ್ಲಿ ಒಂದೂವರೆ ಮಣ್ಣು ರಸ್ತೆ. ತಿಂಗಳಿಗೊಂದು ಸಲ ಅಪ್ಪನನ್ನು ಶಿವಮೊಗ್ಗಕ್ಕೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತೇನೆ. ವರ್ಷಕ್ಕೆ ನಾಲ್ಕೂವರೆ ಸಾವಿರ ಓಡಿದರೆ ಹೆಚ್ಚು.

ಕಳೆದ ವರ್ಷ ಸರ್ವೀಸಿಗೆ ಕೊಟ್ಟಾಗ ಬಿಲ್ 3,240 ರೂಪಾಯಿ ಆಯಿತು. ಆಯಿಲ್ 1,650, ಅದನ್ನು ಸೋಸುವ ಫಿಲ್ಟರ್ 140, ಲೇಬರ್ 600, ವಾಟರ್ ವಾಶ್ 500, ಉಳಿದ 350ಕ್ಕೆ ‘ಇತರೆ’ ಅಂತ ಬರೆದಿದ್ದರು. ದುಡ್ಡು ಕೊಟ್ಟಿದ್ದಕ್ಕೆ ಬೇಜಾರಿಲ್ಲ. ಆದರೆ ಮೇ ತಿಂಗಳಲ್ಲಿ ಭಾವ ಬಂದಿದ್ದರು. ಕಾರಿನ ಕೆಳಗೆ ಬಗ್ಗಿ ನೋಡಿ ‘ಫಿಲ್ಟರ್ ಬದಲಿಸಿಯೇ ಇಲ್ಲ’ ಅಂದರು. ನಾನೂ ಟಾರ್ಚ್ ಹಿಡಿದು ನೋಡಿದೆ. ಫಿಲ್ಟರಿಗೆ ಕೆಂಪು ಮಣ್ಣು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಒರೆಸಿದರೆ ಕೆಳಗೆ ಮಾರ್ಕರಿನಲ್ಲಿ ಬರೆದ ತಾರೀಖು. ನಾನು ಕಾರು ಕೊಳ್ಳುವುದಕ್ಕೂ ಮೊದಲಿನದ್ದು! ಆವತ್ತಿನಿಂದ ಮನಸ್ಸು ಕೆಟ್ಟಿದೆ.

ಈ ಸಲ ನಾನೇ ಬದಲಿಸಬೇಕು ಅನ್ನಿಸಿದೆ. ಕಾರಿನ ಜೊತೆ ಬಂದ ಜಾಕ್ ಬಿಟ್ಟರೆ ನನ್ನ ಹತ್ತಿರ ಏನೂ ಇಲ್ಲ. ಮೆಕ್ಯಾನಿಕ್ ಕೆಲಸ ಗೊತ್ತಿಲ್ಲ, ಆದರೆ ಕಲಿಯುವುದಕ್ಕೆ ಹೆದರಿಕೆಯೂ ಇಲ್ಲ. ಎಷ್ಟು ಉಳಿಯುತ್ತದೆ? ಅಪಾಯ ಏನು? ಹಳೇ ಆಯಿಲ್ ಬಗ್ಗೆ ಚಿಂತೆ ಇಲ್ಲ. ಕೊಟ್ಟಿಗೆ ಕಂಬಕ್ಕೆ ಬಳಿದರೆ ಒರಲೆ ಬರಲ್ಲ, ತೆಗೆದಿಡು ಅಂತ ಅಪ್ಪ ಆಗಲೇ ಹೇಳಿದ್ದಾರೆ.

ನಗರದ ತೋಟದವನು:

ಟೀಚರ್, ನಮ್ಮದು ಹೊಸನಗರ ತಾಲ್ಲೂಕು, ನಗರದ ಹತ್ತಿರ. ಹನ್ನೊಂದು ವರ್ಷದಿಂದ ನಮ್ಮ ಕಾರಿನ ಆಯಿಲ್ ನಾನೇ ಬದಲಿಸುತ್ತಿದ್ದೇನೆ. ಮೊದಲು ಆಲ್ಟೋ ಇತ್ತು, ಈಗ ನಿಮ್ಮ ಹಾಗೇ ವ್ಯಾಗನ್ ಆರ್. ಖಂಡಿತ ಮಾಡಬಹುದು. ಆದರೆ ನೀವು ಚಿಂತೆ ಇಲ್ಲ ಅಂದಿರಲ್ಲ, ನನಗೆ ಇರುವ ಚಿಂತೆ ಅದೊಂದೇ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ದುಡ್ಡು. ಲೇಬರ್, ‘ಇತರೆ’ ಎರಡೂ ಸೇರಿ 950 ಉಳಿಯುತ್ತದೆ ನಿಮಗೆ. ಮೊದಲ ವರ್ಷ ಅದು ಸಾಮಾನಿಗೇ ಹೋಗುತ್ತದೆ. 17 ಎಂ.ಎಂ. ರಿಂಗ್ ಸ್ಪ್ಯಾನರ್, ಫಿಲ್ಟರ್ ಬಿಚ್ಚುವ ಕಪ್, ಅಗಲದ ಟ್ರೇ, ಕೊಳವೆ, ಗ್ಲೌಸ್. ಹಾಗಾಗಿ ದುಡ್ಡಿಗೋಸ್ಕರ ಮಾಡುವುದಾದರೆ ಅಂಥಾ ಲಾಭ ಏನಿಲ್ಲ. ನಾನು ಮಾಡುವುದು ವರ್ಷಕ್ಕೊಂದು ಸಲ ಕಾರಿನ ಕೆಳಗೆ ನೋಡುವುದಕ್ಕೆ. ಚಕ್ರ ತಿರುಗಿಸುವ ಡ್ರೈವ್ ಶಾಫ್ಟಿನ ರಬ್ಬರ್ ಬೂಟ್ (ಹೊದಿಕೆ) ಹರಿದಿದ್ದು, ಸೈಲೆನ್ಸರ್ ತುಕ್ಕು ಹಿಡಿದಿದ್ದು, ಎಲ್ಲಾ ನನಗೆ ಗೊತ್ತಾಗಿದ್ದು ಹೀಗೇ. ನಮ್ಮ ಕಡೆ ಆರು ತಿಂಗಳು ಕಾರಿನ ಹೊಟ್ಟೆ ಕೆಸರಲ್ಲೇ ಇರುತ್ತದೆ ಅಲ್ವಾ?

ಅಪಾಯ ಅಂದರೆ ಜಾಕ್. ಕಾರಿನ ಜೊತೆ ಬರುವ ಜಾಕ್ ಇರುವುದು ಟಯರ್ ಬದಲಿಸುವುದಕ್ಕೆ. ಬರೀ ಅದರ ಮೇಲೆ ನಿಂತ ಕಾರಿನ ಕೆಳಗೆ ಒಂದು ಕೈ ಕೂಡ ಹಾಕಬೇಡಿ. ಜಂಬಿಟ್ಟಿಗೆ ಕಲ್ಲನ್ನು ಆಸರೆ ಕೊಡುವುದೂ ಬೇಡ. ನಮ್ಮ ಅಂಗಳದಲ್ಲಿ ಸುಲಭಕ್ಕೆ ಸಿಗುವುದು ಅದೇ, ನೋಡುವುದಕ್ಕೂ ಗಟ್ಟಿ. ಮಳೆ ನೀರು ಕುಡಿದ ಕಲ್ಲು ಭಾರ ಬಿದ್ದರೆ ಪುಡಿಯಾಗುತ್ತದೆ. ನಾನು ಹಳೇ ಮತ್ತಿ ಹಲಗೆಗಳನ್ನು ಮೆಟ್ಟಿಲ ಹಾಗೆ ಒಂದರ ಮೇಲೊಂದು ಬೋಲ್ಟ್ ಹಾಕಿ ಜೋಡಿಸಿದ್ದೇನೆ, ಎರಡು ಚಕ್ರಕ್ಕೆ ಎರಡು. ಐದು ಇಂಚು ಎತ್ತರ. ಮುಂದಿನ ಚಕ್ರ ಅದರ ಮೇಲೆ ಹತ್ತಿಸಿ, ಎಂಜಿನ್ ಆಫ್ ಮಾಡಿ, ಫಸ್ಟ್ ಗೇರ್ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಎರಡೂ ಕಡೆ ಅಡ್ಡ ಕೊಡುತ್ತೇನೆ. ಮಲಗಿ ಕೈ ಆಡಿಸುವಷ್ಟು ಜಾಗ ಸಿಗುತ್ತದೆ. ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಇದ್ದರೆ ಅಲ್ಲೇ ಮಾಡಿ, ಮಟ್ಟವಾಗಿರುತ್ತದೆ. ಆದರೆ ಕೆಳಗೆ ಹಳೇ ಟಾರ್ಪಲ್ ಹಾಸಿ. ಅಡಿಕೆಗೆ ಆಯಿಲ್ ವಾಸನೆ ಹತ್ತಿದರೆ ಮನೆಯಲ್ಲಿ ಸುಮ್ನೆ ಬಿಡುತ್ತಾರಾ?

ಹತ್ತು ನಿಮಿಷ ಕಾರು ಓಡಿಸಿ ಬಂದು, ಸ್ವಲ್ಪ ಆರಲು ಬಿಟ್ಟು ಬಿಚ್ಚಬೇಕು. ಬೆಚ್ಚಗಿದ್ದರೆ ಆಯಿಲ್ ಪೂರ್ತಿ ಇಳಿಯುತ್ತದೆ, ಕುದಿಯುವಾಗ ಬಿಚ್ಚಿದರೆ ಕೈ ಸುಡುತ್ತದೆ. ಎಂಜಿನ್ ಕೆಳಗೆ ಆಯಿಲ್ ಇಳಿಸುವ ಡ್ರೈನ್ ಬೋಲ್ಟಿನ ಕೊನೆಯ ಸುತ್ತು ಬಿಚ್ಚುವಾಗ ಅದನ್ನು ಒಳಕ್ಕೆ ಒತ್ತಿ ಹಿಡಿದಿದ್ದು ಥಟ್ಟನೆ ಕೈ ತೆಗೆಯಿರಿ. ಆಯಿಲ್ ನೆಟ್ಟಗೆ ಕೆಳಗೆ ಬೀಳುವುದಿಲ್ಲ, ಮೊದಲು ಒಂದು ಅಡಿ ಮುಂದಕ್ಕೆ ಹಾರುತ್ತದೆ. ಟ್ರೇ ಅಲ್ಲಿಗೆ ಇಟ್ಟಿರಬೇಕು. ಹೊಸ ಫಿಲ್ಟರಿನ ರಬ್ಬರಿಗೆ ಹೊಸ ಆಯಿಲ್ ಸವರಿ. ಹಳೇ ಫಿಲ್ಟರಿನ ರಬ್ಬರ್ ಎಂಜಿನ್ನಿಗೇ ಅಂಟಿಕೊಂಡು ಉಳಿದಿದೆಯಾ ನೋಡಿ. ಉಳಿದಿದ್ದರೆ ಎರಡು ರಬ್ಬರ್ ಆಗಿ ಎಲ್ಲಾ ಆಯಿಲ್ ಸೋರಿ ಹೋಗುತ್ತದೆ. ಕೈಯಲ್ಲೇ ತಿರುಗಿಸಿ, ರಬ್ಬರ್ ತಾಗಿದ ಮೇಲೆ ಮುಕ್ಕಾಲು ಸುತ್ತು, ಅಷ್ಟೇ. ಡ್ರೈನ್ ಬೋಲ್ಟಿಗೆ ಪ್ರತೀ ಸಲ ಹೊಸ ವಾಷರ್, ಇಪ್ಪತ್ತು ರೂಪಾಯಿ ಒಳಗೇ ಸಿಗುತ್ತದೆ. ಹೊಸ ಆಯಿಲ್ ಎರಡೂವರೆ ಲೀಟರ್ ಹಾಕಿ ನಿಲ್ಲಿಸಿ. ಆಮೇಲೆ ಸ್ವಲ್ಪ ಸ್ವಲ್ಪ. ಎಂಜಿನ್ ಒಂದು ನಿಮಿಷ ಓಡಿಸಿ, ಆಫ್ ಮಾಡಿ, ಕಾರು ಮಟ್ಟದ ಜಾಗಕ್ಕೆ ಇಳಿಸಿ, ಐದು ನಿಮಿಷ ಬಿಟ್ಟು ಆಯಿಲ್ ಮಟ್ಟ ಅಳೆಯುವ ಡಿಪ್‌ಸ್ಟಿಕ್ ನೋಡಿ. ಎರಡು ಗುರುತಿನ ನಡುವೆ, ಮೇಲಿನದಕ್ಕೆ ಹತ್ತಿರ ಇದ್ದರೆ ಸಾಕು. ಮೇಲಿನ ಗುರುತು ದಾಟಬಾರದು.

ಈಗ ಹಳೇ ಆಯಿಲ್.

ನಾನೂ ಮೊದಲ ವರ್ಷ ನಿಮ್ಮ ತಂದೆ ಹೇಳಿದ್ದನ್ನೇ ಮಾಡಿದೆ. ತೋಟದ ಮೇಲಿನ ಬೇಲಿ ಗೂಟಕ್ಕೆ, ದಣಪೆ ಕಂಬಕ್ಕೆ ಎಲ್ಲಾ ಬಳಿದೆ. ಉಳಿದದ್ದನ್ನು ಗೂಟದ ಬುಡಕ್ಕೇ ಸುರಿದೆ. ನಮ್ಮ ಮನೆಗೆ ನೀರು ಬರುವುದು ಗುಡ್ಡದ ಒರತೆಯಿಂದ, ಪೈಪಿನಲ್ಲಿ ಇಳಿದು. ಜೂನ್ ಮಳೆ ಹಿಡಿದ ಮೇಲೆ ಒಂದು ದಿನ ಅಮ್ಮ ಕರೆದು ತೊಟ್ಟಿ ತೋರಿಸಿದರು. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ. ಮಲೆನಾಡಿನ ಜೌಗಿನಲ್ಲಿ ಹಾಗೆ ಕಾಣುವುದು ಹೊಸದಲ್ಲ. ಕೆಂಪು ಮಣ್ಣಿನ ಕಬ್ಬಿಣದ ಅಂಶ ತಿನ್ನುವ ಬ್ಯಾಕ್ಟೀರಿಯಾದಿಂದಲೂ ಅಂಥ ಪೊರೆ ಕಟ್ಟುತ್ತದೆ, ಅದರಿಂದ ತೊಂದರೆ ಇಲ್ಲ. ಎರಡಕ್ಕೂ ವ್ಯತ್ಯಾಸ ತಿಳಿಯಲು ಒಂದು ಕಡ್ಡಿ ಸಾಕು. ಬ್ಯಾಕ್ಟೀರಿಯಾದ ಪೊರೆ ಕಡ್ಡಿ ಆಡಿಸಿದರೆ ಒಡೆದ ಗಾಜಿನ ಹಾಗೆ ಚೂರು ಚೂರಾಗಿ ಹಾಗೇ ಉಳಿಯುತ್ತದೆ. ಆಯಿಲ್ ಆದರೆ ಕೂಡಲೇ ಮತ್ತೆ ಕೂಡಿಕೊಳ್ಳುತ್ತದೆ. ನಮ್ಮ ತೊಟ್ಟಿಯದು ಕೂಡಿಕೊಂಡಿತು.

ಎರಡು ತಿಂಗಳು ಪಕ್ಕದ ಮನೆಯಿಂದ ಕುಡಿಯುವ ನೀರು ಹೊತ್ತಿದ್ದೇವೆ. ಆ ಮಳೆಯಲ್ಲಿ ಅಮ್ಮ ಕೊಡ ಹಿಡಿದು ಹೋಗುತ್ತಿದ್ದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದು ಕಾರಿನ ಹಳೇ ಆಯಿಲ್ ಹತ್ತು ಲಕ್ಷ ಗ್ಯಾಲನ್ ಸಿಹಿನೀರು ಕೆಡಿಸಬಲ್ಲದು ಅಂತ ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆ ಹೇಳುತ್ತದೆ. ಲೀಟರ್ ಲೆಕ್ಕದಲ್ಲಿ ಸುಮಾರು 38 ಲಕ್ಷ. ನಾವು ಇರುವುದು ಗುಡ್ಡದಲ್ಲಿ, ಟೀಚರ್. ನಮ್ಮ ಅಂಗಳಕ್ಕೆ ಬಿದ್ದಿದ್ದು ತೋಟಕ್ಕೆ, ತೋಟದ್ದು ಹಳ್ಳಕ್ಕೆ, ಹಳ್ಳ ಕೆಳಗಿನ ಮನೆಯವರ ಬಾವಿಗೆ. ನಿಮ್ಮ ಕಡೆಯದು ತುಂಗೆಗೆ ಸೇರಿ ಗಾಜನೂರು ಡ್ಯಾಂ ದಾಟಿ ಶಿವಮೊಗ್ಗದವರ ನಲ್ಲಿಗೆ. ಕೊಟ್ಟಿಗೆ ಕಂಬ ಅಂದರೆ ಇನ್ನೂ ಕಷ್ಟ, ದನ ಅದಕ್ಕೇ ಮೈ ಉಜ್ಜುತ್ತದೆ, ನೆಕ್ಕುತ್ತದೆ. ದಯವಿಟ್ಟು ನಿಮ್ಮ ತಂದೆಗೆ ಹೇಳಿ. ಹಳೇ ಆಯಿಲ್ ವಾಪಸ್ ತೆಗೆದುಕೊಳ್ಳುವ ಜಾಗ ಗೊತ್ತಾಗುವ ತನಕ ಬೋಲ್ಟಿಗೆ ಕೈ ಹಾಕಬೇಡಿ.

ಆಟೋ ಕಾಂಪ್ಲೆಕ್ಸ್ ಮೆಕ್ಯಾನಿಕ್:

ನಾನು ಶಿವಮೊಗ್ಗ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಕೆಲಸ ಮಾಡುವವನು. ಇಪ್ಪತ್ತು ವರ್ಷ ಆಯಿತು. ಮೇಡಂ, ಫಿಲ್ಟರ್ ವಿಷಯ ಓದಿ ನಮಗೂ ನೋವಾಯಿತು. 140 ರೂಪಾಯಿಯ ಸಾಮಾನು ಅದು. ಹಳೇ ಫಿಲ್ಟರ್ ಕಟ್ಟಿಕೊಂಡರೆ ಅದರೊಳಗಿನ ಬೈಪಾಸ್ ವಾಲ್ವ್ ತೆರೆದು, ಸೋಸದ ಆಯಿಲ್ ನೇರ ಎಂಜಿನ್ನಿಗೆ ಹೋಗುತ್ತದೆ. ಕಾರು ಓಡುತ್ತಲೇ ಇರುತ್ತದೆ, ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ.

ಮೇಲಿನವರು ಬರೆದದ್ದೆಲ್ಲಾ ಸರಿ. ಒಂದು ಸೇರಿಸುತ್ತೇನೆ. ಮನೆಯಲ್ಲಿ ಬದಲಿಸಿ ನಮ್ಮ ಹತ್ತಿರ ಬರುವ ಕಾರುಗಳಲ್ಲಿ ಹೆಚ್ಚಿನವು ಡ್ರೈನ್ ಬೋಲ್ಟಿನ ಮರೆ (ತಿರುಪಿನ ಗೆರೆ) ಹೋಗಿ ಬರುತ್ತವೆ. ಸೋರೀತು ಅಂತ ಹೆದರಿ ಮೈಮೇಲೆ ಬಂದವರ ಹಾಗೆ ಬಿಗಿ ಮಾಡುತ್ತಾರೆ. ನಿಮ್ಮ ಎಂಜಿನ್ನಿಗೆ 35 ನ್ಯೂಟನ್ ಮೀಟರ್ ಬಿಗಿ ಸಾಕು. ಬಿಗಿ ಅಳೆಯುವ ಟಾರ್ಕ್ ರೆಂಚ್ ಇಲ್ಲದಿದ್ದರೆ ಸಣ್ಣ ಸ್ಪ್ಯಾನರ್ ತಗೊಳ್ಳಿ, ವಾಷರ್ ಕೂತ ಮೇಲೆ ಒಂದು ಸಲ ಗಟ್ಟಿಯಾಗಿ ಎಳೆದು ಬಿಡಿ. ಉದ್ದದ ಪೈಪ್ ಸಿಕ್ಕಿಸಿ ಬಿಗಿ ಮಾಡುವುದು ಬೇಡವೇ ಬೇಡ. ಗ್ಯಾರೇಜಿನವರೂ ಈ ತಪ್ಪು ಮಾಡುತ್ತಾರೆ. ಬೋಲ್ಟ್ ಬಿಚ್ಚುವಾಗಲೇ ಮರೆ ಸಮ ಇಲ್ಲ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ ಹತ್ತಿರದ ಗ್ಯಾರೇಜಿಗೆ ಫೋನ್ ಮಾಡಿ.

ಇನ್ನೊಂದು ದಾರಿ ಇದೆ. ಆಯಿಲ್, ಫಿಲ್ಟರ್ ನೀವೇ ಕೊಂಡು ತನ್ನಿ, ಪಕ್ಕದಲ್ಲಿ ನಿಂತು ನೋಡಿ, ಬಿಚ್ಚಿದ ಫಿಲ್ಟರ್ ಕೈಗೆ ಕೊಡಿ ಅಂತ ಕೇಳಿ. ಒಳ್ಳೆ ಗ್ಯಾರೇಜಿನವರು ಯಾರೂ ಬೇಡ ಅನ್ನುವುದಿಲ್ಲ. ಬೇಡ ಅಂದರೆ ಅಲ್ಲಿ ಕೊಡಬೇಡಿ. ಅಪ್ಪನ ಡಾಕ್ಟರ್ ಕೆಲಸಕ್ಕೆ ಹೇಗೂ ಬರುತ್ತೀರಿ, ಮುಕ್ಕಾಲು ಗಂಟೆ ಕೆಲಸ.

ಹಳೇ ಆಯಿಲ್ ನಮ್ಮಂಥ ಗ್ಯಾರೇಜಿಗೇ ತಂದುಕೊಡಿ. ನಮ್ಮಲ್ಲಿ ಬ್ಯಾರೆಲ್ ಇದೆ, ತುಂಬಿದಾಗ ಲೈಸೆನ್ಸ್ ಇರುವವರು ಬಂದು ತೆಗೆದುಕೊಂಡು ಹೋಗುತ್ತಾರೆ. ಅದನ್ನು ಶುದ್ಧ ಮಾಡಿ ಮತ್ತೆ ಆಯಿಲ್ ಮಾಡುತ್ತಾರೆ. ಕೇಂದ್ರ ಸರ್ಕಾರದ 2016ರ ನಿಯಮದ ಪ್ರಕಾರ ಇದು ಅಪಾಯಕಾರಿ ತ್ಯಾಜ್ಯ. 2024ರ ಏಪ್ರಿಲ್ 1ರಿಂದ ಆಯಿಲ್ ತಯಾರಿಸುವ ಕಂಪನಿಗಳ ಮೇಲೂ ಹಳೇ ಆಯಿಲಿನ ಹೊಣೆ ಬಂದಿದೆ. ತರುವಾಗ ಅದಕ್ಕೆ ನೀರು, ಸೀಮೆಎಣ್ಣೆ, ಎಂಜಿನ್ ತಣಿಸುವ ಕೂಲಂಟ್ ಏನೂ ಸೇರಿಸಬೇಡಿ. ಸೇರಿದರೆ ಶುದ್ಧ ಮಾಡುವವರಿಗೆ ಕಷ್ಟ. ಹೊಸ ಆಯಿಲಿನ ಖಾಲಿ ಡಬ್ಬ ಎಸೆಯುವ ಮೊದಲು ಕತ್ತಿಯಲ್ಲಿ ಸೀಳಿಬಿಡಿ. ಒಳ್ಳೆ ಕಂಪನಿ ಡಬ್ಬಕ್ಕೆ ನಕಲಿ ಆಯಿಲ್ ತುಂಬಿ ಮಾರುವವರು ಇದ್ದಾರೆ.

ಗೋಪಾಳದ ಸವಾರ:

ಓದುವ ಬೇರೆಯವರಿಗೆ ಒಂದು ಮಾತು. ಕಾರು ವಾರಂಟಿಯಲ್ಲಿದ್ದರೆ ಕಂಪನಿ ಸರ್ವೀಸ್ ಸೆಂಟರಿನಲ್ಲೇ ಮಾಡಿಸಿ, ಪುಸ್ತಕದಲ್ಲಿ ಸೀಲ್ ಹಾಕಿಸಿ. ನಾಳೆ ಎಂಜಿನ್ ತಕರಾರು ಬಂದರೆ ಮೊದಲು ಕೇಳುವುದು ಆ ದಾಖಲೆಯನ್ನೇ. ಟೀಚರ್ ಕಾರಿಗೆ ಆ ಚಿಂತೆ ಇಲ್ಲ.

ಕೋಣಂದೂರು ಟೀಚರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಗರದವರು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಸಂಜೆ ಬಾವಿ ಹತ್ತಿರ ಹೋಗಿ ನೋಡಿ ಬಂದರು. ‘ಕೊಟ್ಟಿಗೆಗೆ ಬೇಡ ಬಿಡು, ಗೇರೆಣ್ಣೆ ಬಳಿಯೋಣ’ ಅಂದರು.

ಇನ್ನೊಂದು ಕೇಳಬೇಕು. ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿದೆ. ಒಳಗಡೆ ಬೆಣ್ಣೆಯ ಹಾಗೆ ತಿಳಿ ಹಳದಿ ಬಣ್ಣದ್ದು ಅಂಟಿದೆ. ಎಂಜಿನ್ ಹಾಳಾಗಿದೆಯಾ? ಇನ್ನು, ವರ್ಷಕ್ಕೆ ನಾಲ್ಕೂವರೆ ಸಾವಿರ ಓಡಿದರೆ ಎರಡು ವರ್ಷಕ್ಕೊಂದು ಸಲ ಬದಲಿಸಿದರೆ ಸಾಲದಾ?

ಆಟೋ ಕಾಂಪ್ಲೆಕ್ಸ್ ಮೆಕ್ಯಾನಿಕ್:

ಮೊದಲು ಕೂಲಂಟ್ ನೋಡಿ ಮೇಡಂ, ಎಂಜಿನ್ ತಣ್ಣಗಿರುವಾಗ. ಬಾಟಲಿಯಲ್ಲಿ ಗುರುತಿನ ತನಕ ಇದೆಯಾ, ಪದೇ ಪದೇ ಕಡಿಮೆ ಆಗುತ್ತಿದೆಯಾ? ಡಿಪ್‌ಸ್ಟಿಕ್ಕಿನ ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದೆಯಾ? ಕೂಲಂಟ್ ಇಳಿಯುತ್ತಿದ್ದರೂ, ಆಯಿಲ್ ಆ ಬಣ್ಣಕ್ಕೆ ತಿರುಗಿದ್ದರೂ ಹೆಡ್ ಗ್ಯಾಸ್ಕೆಟ್ (ಕೂಲಂಟ್, ಆಯಿಲ್ ಬೆರೆಯದ ಹಾಗೆ ತಡೆಯುವ ಪದರ) ಹೋಗಿರುವ ಅನುಮಾನ. ಕಾರು ಓಡಿಸಬೇಡಿ.

ಎರಡೂ ಇಲ್ಲದಿದ್ದರೆ ಹೆದರಬೇಡಿ. ಅದು ನಾಲ್ಕು ಕಿಲೋಮೀಟರಿನ ಓಡಾಟದ ಫಲ. ಎಂಜಿನ್ ಪೂರ್ತಿ ಬಿಸಿಯಾಗುವುದರೊಳಗೆ ಶಾಲೆ ಬಂದುಬಿಡುತ್ತದೆ. ಒಳಗೆ ಹುಟ್ಟಿದ ನೀರಾವಿ ಹೊರಗೆ ಹೋಗದೆ ಆಯಿಲಿಗೆ ಸೇರಿ ಮುಚ್ಚಳದಲ್ಲಿ ಬೆಣ್ಣೆಯಾಗುತ್ತದೆ. ಮಳೆಗಾಲದಲ್ಲಿ ಮಲೆನಾಡಿನ ಕಾರುಗಳಲ್ಲಿ ಇದು ತುಂಬಾ ಜಾಸ್ತಿ. ಒರೆಸಿ ತೆಗೆಯಿರಿ. ವಾರಕ್ಕೊಂದು ದಿನ ತೀರ್ಥಹಳ್ಳಿ ತನಕ ಹೋಗಿ ಬನ್ನಿ, ತಾನೇ ಹೋಗುತ್ತದೆ.

ಅದಕ್ಕೇ ಎರಡು ವರ್ಷ ಬೇಡ. ಕಂಪನಿ ಹೇಳುವುದು 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಕಡಿಮೆ ಓಡಿದರೆ ಆಯಿಲ್ ಚೆನ್ನಾಗಿರುತ್ತದೆ ಅನ್ನುವುದು ನಿಮ್ಮ ಥರದ ಓಡಾಟಕ್ಕೆ ಹೊಂದುವುದಿಲ್ಲ. ಸ್ವಲ್ಪ ಸ್ವಲ್ಪವೇ ಓಡುವ ಎಂಜಿನ್ನಿನಲ್ಲಿ ಆಯಿಲ್ ಬೇಗ ಕೆಡುತ್ತದೆ. ಮಳೆಗಾಲ ಮುಗಿದ ಮೇಲೆ, ದಸರಾ ರಜೆಯಲ್ಲಿ ಬದಲಿಸಿ. 5ಡಬ್ಲ್ಯೂ-30 ಗ್ರೇಡಿನ ಆಯಿಲ್ ಹಾಕಿ, ಕಾರಿನ ಪುಸ್ತಕದಲ್ಲಿ ಒಮ್ಮೆ ನೋಡಿಕೊಳ್ಳಿ.

ಕೋಣಂದೂರು ಟೀಚರ್:

ಕೂಲಂಟ್ ಗುರುತಿನ ತನಕ ಇದೆ. ಆಯಿಲ್ ಕಪ್ಪಗಿದೆ, ಕಾಫಿ ಬಣ್ಣ ಇಲ್ಲ. ಶನಿವಾರ ತೀರ್ಥಹಳ್ಳಿಗೆ ಹೋಗಿ ಬಂದೆ.

ಕೋಣಂದೂರು ಟೀಚರ್ (ದಸರಾ ರಜೆಯಲ್ಲಿ):

ನಿನ್ನೆ ಬದಲಿಸಿದೆ. ಭಾವ ಪಕ್ಕದಲ್ಲೇ ಇದ್ದರು, ಆದರೆ ಬೋಲ್ಟ್ ಬಿಚ್ಚಿದ್ದು, ಹಾಕಿದ್ದು ನಾನೇ. ಎರಡು ಗಂಟೆ ಹಿಡಿಯಿತು. ಹಲಗೆ ಮೆಟ್ಟಿಲು ಮಾಡಿಕೊಟ್ಟಿದ್ದು ಅಪ್ಪ. ಹಳೇ ಫಿಲ್ಟರ್ ಕೈಯಲ್ಲಿ ತಿರುಗಲೇ ಇಲ್ಲ, ಕಪ್ ಹಾಕಿದ ಮೇಲೆ ಬಂತು. ಹೊಸ ಫಿಲ್ಟರಿನ ಮೇಲೆ ತಾರೀಖು, 62,480 ಕಿ.ಮೀ. ಅಂತ ಮಾರ್ಕರಿನಲ್ಲಿ ಬರೆದಿದ್ದೇನೆ. ಇವತ್ತು ಬೆಳಿಗ್ಗೆ ಕಾರಿನ ಕೆಳಗೆ ಹಾಸಿದ್ದ ರಟ್ಟು ನೋಡಿದೆ, ಒಂದು ಹನಿಯೂ ಇಲ್ಲ.

ಬಲಗಡೆ ಮುಂದಿನ ಚಕ್ರದ ರಬ್ಬರ್ ಬೂಟ್ ಬಿರುಕು ಬಿಟ್ಟಿದೆ. ಫೋಟೋ ಹಾಕಿದ್ದೇನೆ, ಮೆಕ್ಯಾನಿಕ್ ಅಣ್ಣ ನೋಡಿ ಹೇಳಿ. ಮುಂದಿನ ಬುಧವಾರ ಅಪ್ಪನನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಬರುತ್ತೇವೆ. ಹಳೇ ಆಯಿಲ್ ಡಬ್ಬ ಡಿಕ್ಕಿಯಲ್ಲೇ ಇದೆ, ಅದನ್ನೂ ನಿಮಗೇ ತರುತ್ತೇನೆ.