ತಾಳವಿಲ್ಲದ ನಾಲ್ಕು ಬದಿಗಳು: ಟ್ಯಾಂಜರಿನ್ ಡ್ರೀಮ್ ತಂಡದ ‘ತ್ಸೈಟ್’ ಕುರಿತು

ಇರುಳುನಾದ:
ಪಶ್ಚಿಮ ಬರ್ಲಿನ್ನಿನ ಎಲೆಕ್ಟ್ರಾನಿಕ್ ಸಂಗೀತ ತಂಡವಾದ ಟ್ಯಾಂಜರಿನ್ ಡ್ರೀಮ್ 1972ರಲ್ಲಿ ಹೊರತಂದ ‘ತ್ಸೈಟ್’ ಆಲ್ಬಂ, ಅದೇ ತಂಡದ 1974ರ ‘ಫೀಡ್ರಾ’ಕ್ಕಾಗಿ ನಡೆದ ತಾಲೀಮು ಎಂಬ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ. ಎರಡು ಎಲ್‌ಪಿಗಳ (ದೀರ್ಘಾವಧಿಯ ಗ್ರಾಮಫೋನ್ ತಟ್ಟೆಗಳ) ನಾಲ್ಕು ಬದಿಗಳಲ್ಲಿ ಬದಿಗೊಂದರಂತೆ ನಾಲ್ಕೇ ರಚನೆಗಳಿವೆ. ಅವುಗಳಲ್ಲಿ ಹಾಡಿಲ್ಲ, ಡ್ರಮ್ಮಿನ ತಾಳವಿಲ್ಲ, ಗುನುಗಿಕೊಳ್ಳಬಹುದಾದ ಒಂದು ಧಾಟಿಯೂ ಇಲ್ಲ. ಹಿಂದಿನ ವರ್ಷದ ‘ಆಲ್ಫಾ ಸೆಂಟಾರಿ’ಯಲ್ಲಿ ಕೊಳಲೂ ಇತ್ತು, ಡ್ರಮ್ಮೂ ಇತ್ತು. ಇದ್ದುದನ್ನು ಬೇಕೆಂದೇ ಬಿಟ್ಟುಕೊಟ್ಟ ಎಡ್ಗರ್ ಫ್ರೋಸ, ಕ್ರಿಸ್ಟೋಫರ್ ಫ್ರಾಂಕ ಮತ್ತು ಪೀಟರ್ ಬೌಮನ್ ಅವರನ್ನು ಇನ್ನೂ ದಾರಿ ಹುಡುಕುತ್ತಿದ್ದವರು ಎನ್ನುವುದು ನ್ಯಾಯವಲ್ಲ.

ಲಯಪ್ರಿಯ:
ಬಿಟ್ಟುಕೊಟ್ಟ ಜಾಗದಲ್ಲಿ ಏನನ್ನು ತಂದರು ಎಂಬುದೂ ಮುಖ್ಯವಲ್ಲವೇ? ಮೊದಲ ಬದಿಯ ಬಗ್ಗೆ ನನಗೆ ತಕರಾರಿಲ್ಲ. ಎರಡನೆಯ ಬದಿಯ ‘ನೆಬ್ಯುಲಸ್ ಡಾನ್’ ಸುಮಾರು 18 ನಿಮಿಷ ನಡೆಯುತ್ತದೆ. ಅದರ ನಡುವಿನ ಐದು ನಿಮಿಷಗಳನ್ನು ತೆಗೆದುಹಾಕಿದರೂ ಕೇಳುಗನಿಗೆ ಗೊತ್ತಾಗಲಾರದು. ‘ಫೀಡ್ರಾ’ದಲ್ಲಿ ಸೀಕ್ವೆನ್ಸರ್ (ಸ್ವರಗಳ ಸರಣಿಯನ್ನು ತಾನಾಗಿಯೇ ಮತ್ತೆ ಮತ್ತೆ ನುಡಿಸುವ ಸಾಧನ) ಬಂದ ಮೇಲೆ, ಒಂದೇ ಸ್ವರಗುಚ್ಛವು ಮರುಕಳಿಸುತ್ತ, ಅಷ್ಟಿಷ್ಟಾಗಿ ಬದಲಾಗುತ್ತ, ದೀರ್ಘ ರಚನೆಯನ್ನು ಮುಂದಕ್ಕೆ ಒಯ್ಯುತ್ತದೆ. ‘ತ್ಸೈಟ್’ಗೆ ಕೊರತೆಯಾಗಿರುವುದು ಆ ಚಲನೆಯೇ.

ಮಂದ್ರ:
ಮೊದಲ ಬದಿಯ ವಿಚಾರವನ್ನು ಅಷ್ಟು ಬೇಗ ದಾಟುವುದು ಬೇಡ. ಅಂತರಿಕ್ಷದ ಅನುಭವ ಕೊಡುವ ಇಂತಹ ‘ಬಾಹ್ಯಾಕಾಶ ಸಂಗೀತ’ವೆಂದರೆ ಯಂತ್ರಗಳ ಸಂಗೀತವೆಂದು ನಾವು ಭಾವಿಸುತ್ತೇವೆ. ಈ ಆಲ್ಬಂ ಆರಂಭವಾಗುವುದು ಮಾತ್ರ ನಾಲ್ಕು ಚೆಲ್ಲೊಗಳಿಂದ, ಅಂದರೆ ಪಿಟೀಲಿನ ಬಳಗದ ದೊಡ್ಡ, ಮಂದ್ರಧ್ವನಿಯ ವಾದ್ಯಗಳಿಂದ. ಕಮಾನಿನಡಿಯಲ್ಲಿ ಸ್ವರಗಳು ನಿಧಾನವಾಗಿ ಜಾರುತ್ತ ಒಂದಕ್ಕೊಂದು ಉಜ್ಜಿಕೊಳ್ಳುತ್ತವೆ. ಪೊಪೋಲ್ ವೂ ತಂಡದ ಫ್ಲೋರಿಯಾನ್ ಫ್ರಿಕ ನುಡಿಸಿದ ಮೂಗ್ ಸಿಂಥಸೈಜರ್ (ವಿದ್ಯುನ್ಮಾನವಾಗಿ ನಾದ ಹುಟ್ಟಿಸುವ ವಾದ್ಯ) ಆಮೇಲೆ ಬಂದು ಸೇರುತ್ತದೆ. ಸಂಗೀತ ರಚನಕಾರ ಲಿಗೆಟಿಯ 1961ರ ‘ಅಟ್ಮಾಸ್ಫಿಯರ್ಸ್’ ಕೂಡ ಧಾಟಿಯಾಗಲಿ ನಡೆಯಾಗಲಿ ಇಲ್ಲದ ಕೃತಿ. ಅದನ್ನು ನುಡಿಸುವುದು ಪೂರ್ಣ ವಾದ್ಯವೃಂದ, ಅಲ್ಲಿ ಎಲೆಕ್ಟ್ರಾನಿಕ್ ವಾದ್ಯವೇ ಇಲ್ಲ. 1968ರ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರ ಅದನ್ನು ಬಳಸಿಕೊಂಡಾಗಲೇ ಇಂತಹ ದಟ್ಟ, ನಿಶ್ಚಲ ನಾದವು ಎಷ್ಟೋ ಕೇಳುಗರ ಮನಸ್ಸಿನಲ್ಲಿ ಅಂತರಿಕ್ಷದೊಂದಿಗೆ ಬೆಸೆದುಕೊಂಡಿತು. ‘ತ್ಸೈಟ್’ನ ಹೆಚ್ಚುಗಾರಿಕೆಯೆಂದರೆ, ಚೆಲ್ಲೊ ಎಲ್ಲಿ ಮುಗಿದು ಮೂಗ್ ಎಲ್ಲಿ ಆರಂಭವಾಯಿತೆಂದು ಕಿವಿಗೆ ಖಚಿತವಾಗದಂತೆ ಎರಡನ್ನೂ ಬೆರೆಸಿರುವುದು.

ಸುಸ್ವರ:
ತಾಳವಿಲ್ಲದ ಮಾತ್ರಕ್ಕೆ ಚಲನೆಯಿಲ್ಲ ಎನ್ನಲಾಗದು. ನಮ್ಮ ಆಲಾಪನೆಯೂ ತಾಳವಿಲ್ಲದೆಯೇ ಬೆಳೆಯುತ್ತದೆಯಲ್ಲವೇ?

ಲಯಪ್ರಿಯ:
ಸುಸ್ವರ ಅವರೇ, ಈ ಹೋಲಿಕೆ ಹೆಚ್ಚು ದೂರ ಬರುವುದಿಲ್ಲ. ಆಲಾಪನೆಗೆ ತಂಬೂರಿಯ ಷಡ್ಜವಿದೆ, ರಾಗದ ಆರೋಹಣ–ಅವರೋಹಣಗಳಿವೆ. ಗಾಯಕರು ಈಗ ಎಲ್ಲಿದ್ದಾರೆ, ಮುಂದೆ ಎಲ್ಲಿ ನಿಲ್ಲಬಹುದು ಎಂಬುದು ರಸಿಕರಿಗೆ ತಿಳಿದಿರುತ್ತದೆ. ಗಮಕವೂ ಒಂದು ಸ್ವರವನ್ನು ಆಶ್ರಯಿಸಿಯೇ ತೂಗಾಡುತ್ತದೆ. ಈ ಚೆಲ್ಲೊಗಳ ಜಾರುವಿಕೆಗೆ ಅಂತಹ ಆಶ್ರಯವೇ ಇಲ್ಲ.

ಇರುಳುನಾದ:
ಆಶ್ರಯವಿಲ್ಲ ಎಂಬ ನಿಮ್ಮ ಮಾತು ನಿಜ, ಮತ್ತು ನನ್ನ ಪಾಲಿಗೆ ಅದೇ ಈ ಕೃತಿಯ ಸಾಧನೆ. ಮುಂದಿನ ಸ್ವರವನ್ನು ಊಹಿಸುವ ಅಭ್ಯಾಸವನ್ನು ಕೇಳುಗನು ಕೈಬಿಟ್ಟ ಮೇಲಷ್ಟೇ ಒಂದೇ ಸ್ವರದೊಳಗಿನ ಕಂಪನ ಮತ್ತು ಒರಟುತನ ಅವನಿಗೆ ಕೇಳತೊಡಗುತ್ತವೆ. ಇನ್ನೊಂದು ಮಾತು: ಮೂಲದಲ್ಲಿ ಪ್ರತಿ 20 ನಿಮಿಷಕ್ಕೊಮ್ಮೆ ಎದ್ದು ತಟ್ಟೆಯನ್ನು ಮಗುಚಬೇಕಿತ್ತು, ಆ ವಿರಾಮವೂ ಕೇಳುವಿಕೆಯ ಭಾಗವಾಗಿತ್ತು. ಒಂದೇ ಸಿ.ಡಿ.ಯಲ್ಲಿ 74 ನಿಮಿಷಗಳನ್ನು ಬಿಡುವಿಲ್ಲದೆ ಕೇಳಿ ಬೇಸರವಾಯಿತೆನ್ನುವವರು ಒಂದೊಂದು ಬದಿಯನ್ನು ಪ್ರತ್ಯೇಕವಾಗಿ ಕೇಳಬೇಕೆಂದು ವಿನಂತಿಸುತ್ತೇನೆ.

ಲಯಪ್ರಿಯ:
‘ಫೀಡ್ರಾ’ದ ಶೀರ್ಷಿಕೆ ರಚನೆಯೂ ಎಲ್‌ಪಿಯ ಒಂದು ಇಡೀ ಬದಿಯನ್ನು ತುಂಬುತ್ತದೆ, ಆದರೂ ಅದಕ್ಕೆ ಇಂತಹ ವಿಶೇಷ ಏರ್ಪಾಡು ಬೇಕಾಗುವುದಿಲ್ಲ. ನೀವು ಹೇಳಿದಂತೆ ಪ್ರತ್ಯೇಕವಾಗಿ ಕೇಳಬಲ್ಲೆ. ಆಗಲೂ ಚೆಲ್ಲೊಗಳಿರುವ ಬದಿಯನ್ನೇ ಮತ್ತೆ ಕೇಳಬಯಸುತ್ತೇನೆ, ಎರಡನೆಯದನ್ನಲ್ಲ.